ಬೆಳೆಯುವ ದವಡೆಗೆ ಎಂಥ ಹಲ್ಲು?

ಸಿಂಧ್ ಪ್ರಾಂತದ ಒಂದು ಹಿಂದೂ ಮನೆತನದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಬರೆದಿದ್ದಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಎರಡೂ ದವಡೆ ಸೇರಿ ಹನ್ನೆರಡೇ ಹಲ್ಲು: ಮುಂದೆ ನಾಲ್ಕು ಪುಟ್ಟ ಬಾಚಿಹಲ್ಲು, ಹಿಂದೆ ಎಂಟು ದವಡೆಹಲ್ಲು. ಮೈಮೇಲೆ ಕೂದಲು ವಿರಳ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ತೊಂದರೆ ಇರಲಿಲ್ಲ, ಆದರೆ ಅವರ ಗಂಡುಮಕ್ಕಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಇಂದು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ ಎಂದು ವೈದ್ಯರು ಗುರುತಿಸುವ ಸ್ಥಿತಿ ಇದು. ಎಕ್ಸ್ ವರ್ಣತಂತುವಿನಲ್ಲಿರುವ ಅದರ ಜೀನ್ 1996ರಲ್ಲಿ ಪತ್ತೆಯಾಯಿತು. ಡಾರ್ವಿನ್ನನಿಗೆ ಬೇಕಿದ್ದುದು ಆನುವಂಶಿಕತೆಯ ಸುಳಿವು. ಆ ಮನೆಯ ಹುಡುಗರು ರೊಟ್ಟಿ ಹೇಗೆ ಅಗಿಯುತ್ತಿದ್ದರು ಎಂಬುದು ಮಕ್ಕಳ ದಂತವೈದ್ಯದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಕೆಲಸ ಇನ್ನೂ ನಡೆದೇ ಇದೆ.

ಮಗುವಿನ ಬಾಯಲ್ಲಿ ಹಲ್ಲಿಲ್ಲದಿರಲು ಮೂರು ಮುಖ್ಯ ಕಾರಣಗಳು: ಹುಟ್ಟಿನಿಂದಲೇ ಹಲ್ಲಿನ ಮೊಳಕೆ ಇಲ್ಲದಿರುವುದು, ಹುಳುಕು, ಪೆಟ್ಟು. ಹಾಲುಹಲ್ಲು ಹೇಗೂ ಬೀಳುವಂಥದ್ದು, ಅದರ ಜಾಗಕ್ಕೆ ಚಿಕಿತ್ಸೆ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ಹಾಲುಹಲ್ಲು ಬರೀ ಅಗಿಯಲಿಕ್ಕಲ್ಲ, ಮುಂದೆ ಬರುವ ಹಲ್ಲಿನ ಜಾಗ ಕಾಯಲಿಕ್ಕೂ ಇದೆ. ಎರಡನೆಯ ಹಾಲು ದವಡೆಹಲ್ಲನ್ನು ನಾಲ್ಕು–ಐದು ವರ್ಷಕ್ಕೇ ಕಿತ್ತರೆ, ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲು ಆ ಖಾಲಿ ಜಾಗಕ್ಕೆ ಸರಿಯುತ್ತದೆ. ಅದರಡಿ ಬೆಳೆಯುತ್ತಿರುವ ಹಲ್ಲಿಗೆ ದಾರಿ ಮುಚ್ಚುತ್ತದೆ. ಹಾಗಾಗಿ ಎಷ್ಟೋ ಮಕ್ಕಳಿಗೆ ಬೇಕಾದದ್ದು ಕೃತಕ ಹಲ್ಲಲ್ಲ, ಜಾಗ ಹಿಡಿದಿಡುವ ಒಂದು ಲೋಹದ ಕುಣಿಕೆ. ಪಕ್ಕದ ಹಲ್ಲಿಗೆ ತೊಡಿಸಿದ ಪಟ್ಟಿಗೆ ತಂತಿಯ ಕುಣಿಕೆ ಬೆಸೆದು ಕೂರಿಸುತ್ತಾರೆ. ಹೊಸ ಹಲ್ಲು ತಲೆ ಎತ್ತಿದಾಗ ತೆಗೆದುಹಾಕುತ್ತಾರೆ. ಹುಳುಕು ಹಿಡಿದ ಹಾಲುಹಲ್ಲನ್ನು ಕೀಳದೆ ಉಳಿಸಲು 1950ರಲ್ಲಿ ಅಮೆರಿಕದ ಹಂಫ್ರಿ ಸ್ಟೇನ್‌ಲೆಸ್ ಸ್ಟೀಲ್ ಟೊಪ್ಪಿಗೆಯನ್ನು ಬಳಕೆಗೆ ತಂದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಉಪಕಾರಿ ಆವಿಷ್ಕಾರ ಅದೇ.

ಹುಟ್ಟಿನಿಂದ ಬಹಳಷ್ಟು ಹಲ್ಲಿಲ್ಲದ ಮಕ್ಕಳಿಗೆ ಮೊದಲಿನಿಂದಲೂ ಇರುವ ದಾರಿ ತೆಗೆದು ಹಾಕುವ ಹಲ್ಲಿನ ಸೆಟ್. ಇದನ್ನು ಮೂರು–ನಾಲ್ಕು ವರ್ಷಕ್ಕೇ ಕೊಡಬಹುದು. ಅಳತೆ ತೆಗೆಯುವ ಹೊತ್ತು ಮಾತ್ರ ಪರೀಕ್ಷೆಯದು. ಡಾಕ್ಟರು ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ, ಮೊದಲು ಒಂದು ಚೂರನ್ನು ಮಗುವಿನ ಅಂಗೈಗೆ ಹಾಕಿ ಆಡಲು ಬಿಡುತ್ತಾರೆ. ಮಗುವನ್ನು ನೇರ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನಿಂದ ಉಸಿರಾಡು ಪುಟ್ಟ ಎನ್ನುತ್ತಾ ಚಿಕ್ಕ ಅಚ್ಚನ್ನು ಬಾಯೊಳಗಿಡುತ್ತಾರೆ. ಅದು ಗಟ್ಟಿಯಾಗಲು ಬೇಕಾದ ಎರಡು–ಮೂರು ನಿಮಿಷ ವಾಕರಿಕೆ ಬರದಂತೆ ಮಾತಲ್ಲಿ ಹಿಡಿದಿಡಬೇಕು. ಈ ಮಕ್ಕಳಲ್ಲಿ ಇರುವ ಹಲ್ಲುಗಳೂ ಮೊಳೆಯಂತೆ ಚೂಪು. ಅವಕ್ಕೆ ಕಾಂಪೊಸಿಟ್ ಮೆತ್ತಿ ಹಲ್ಲಿನ ಆಕಾರ ಕೊಡುತ್ತಾರೆ. ಹಲ್ಲು ಹುಟ್ಟದ ಕಡೆ ವಸಡಿನ ಏಣು ಕತ್ತಿಯಂತೆ ತೆಳ್ಳಗಿರುತ್ತದೆ, ಕೆಲವರಲ್ಲಿ ಜೊಲ್ಲೂ ಕಡಿಮೆ, ಹಾಗಾಗಿ ಸೆಟ್ ನಿಲ್ಲುವುದು ಕಷ್ಟ. ದವಡೆ ಬೆಳೆದ ಹಾಗೆ ಅದು ಸರಿಯಾಗಿ ಕೂರದಾಗುತ್ತದೆ. ಎರಡು–ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಇದು ಸೆಟ್ಟಿನ ದೋಷವೆಂದು ತಂದೆತಾಯಿ ಬೇಸರಪಡುತ್ತಾರೆ, ಆದರೆ ಅದರ ಗುಣವೇ ಅದು: ಬೆಳೆಯುವ ಬಾಯಿಗೆ ಅದು ಅಡ್ಡ ಬರುವುದಿಲ್ಲ.

ಒಂದೆರಡೇ ಹಲ್ಲಿಲ್ಲದ ಮಕ್ಕಳ ಕಥೆ ತಿರುವು ಪಡೆದದ್ದು ಅಂಟಿನಿಂದ. ಹಲ್ಲಿನ ಹೊರಪದರಕ್ಕೆ ಆಮ್ಲ ಸವರಿದರೆ ಅದು ಸೂಕ್ಷ್ಮವಾಗಿ ತರಿತರಿಯಾಗಿ ರಾಳ ಕಚ್ಚಿಕೊಳ್ಳುತ್ತದೆಂದು ದಂತ ಸಂಶೋಧಕ ಬ್ಯೂನೊಕೋರ್ 1955ರಲ್ಲಿ ತೋರಿಸಿದರು. ಅಲ್ಲಿಯವರೆಗೆ, ಖಾಲಿ ಜಾಗಕ್ಕೆ ಕೃತಕ ಹಲ್ಲು ಕೂರಿಸುವ ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಸುತ್ತಲೂ ಕೊರೆಯುವುದು. ಮಕ್ಕಳ ಹಲ್ಲಿನೊಳಗಿನ ತಿರುಳು ದೊಡ್ಡದು. ಕೊರೆದರೆ ನರಕ್ಕೇ ತಾಕುತ್ತದೆ. ಫ್ರಾನ್ಸಿನ ರೋಶೆಟ್ 1973ರಲ್ಲಿ ತೂತುಗಳಿರುವ ಲೋಹದ ರೆಕ್ಕೆಯನ್ನು ಹಲ್ಲಿನ ಹಿಂಬದಿಗೆ ಅಂಟಿಸುವ ವಿಧಾನ ಬರೆದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 1980ರ ದಶಕದ ಆರಂಭದಲ್ಲಿ ಅದನ್ನು ಸುಧಾರಿಸಿದರು, ಅದಕ್ಕೇ ಇಂದಿಗೂ ಮೇರಿಲ್ಯಾಂಡ್ ಬ್ರಿಡ್ಜ್ ಎಂಬ ಹೆಸರು. ಎರಡು ರೆಕ್ಕೆಯದ್ದಕ್ಕಿಂತ ಒಂದೇ ರೆಕ್ಕೆಯದ್ದು ಚೆನ್ನಾಗಿ ಬಾಳುತ್ತದೆಂಬುದು ಆಮೇಲಿನ ಅನುಭವ. ಬೆಳೆಯುವ ಎರಡು ಹಲ್ಲುಗಳನ್ನು ಅದು ಒಂದಕ್ಕೊಂದು ಕಟ್ಟಿಹಾಕುವುದಿಲ್ಲ. ಗಾಜಿನ ನಾರಿನ ಪಟ್ಟಿ ಬಂದ ಮೇಲೆ ಪೆಟ್ಟಿನಿಂದ ಕಳಚಿದ ಮಗುವಿನ ಸ್ವಂತ ಹಲ್ಲಿನ ಬೇರು ಕತ್ತರಿಸಿ, ಮೇಲ್ಭಾಗವನ್ನೇ ಪಕ್ಕದ ಹಲ್ಲುಗಳಿಗೆ ಅಂಟಿಸಿ ಒಂದೇ ಕೂರಿಕೆಯಲ್ಲಿ ಮುಗಿಸುವುದೂ ಸಾಧ್ಯವಾಯಿತು. ಅಂದಹಾಗೆ, ಬಿದ್ದದ್ದು ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ, ತಕ್ಷಣ ಸ್ವಸ್ಥಾನದಲ್ಲಿ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಬೇಕು. ಹಾಲುಹಲ್ಲನ್ನು ಮಾತ್ರ ತಿರುಗಿ ಕೂರಿಸಬಾರದು, ಒಳಗಿನ ಮೊಳಕೆಗೆ ಪೆಟ್ಟಾಗುತ್ತದೆ.

ದವಡೆಮೂಳೆಯಲ್ಲಿ ಕೂರಿಸುವ ಇಂಪ್ಲಾಂಟ್ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ತಪ್ಪು ಆಸೆ ಇರುವುದು ಅಲ್ಲೇ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಹಲ್ಲಿಲ್ಲದ ಮಗುವನ್ನು ಕರೆತಂದ ತಂದೆತಾಯಿ, ಎಷ್ಟು ದುಡ್ಡಾದರೂ ಪರವಾಗಿಲ್ಲ, ಒಂದೇ ಸಲಕ್ಕೆ ಪರ್ಮನೆಂಟಾಗಿ ಕೂರಿಸಿಬಿಡಿ ಎನ್ನುವುದು ಸಾಮಾನ್ಯ. ಆದರೆ ಸ್ವೀಡನ್ನಿನಲ್ಲೇ 1990ರ ದಶಕದ ಆರಂಭದಲ್ಲಿ ಎಳೆಯ ಹಂದಿಗಳ ಮೇಲೆ ನಡೆದ ಪ್ರಯೋಗ ಎಚ್ಚರಿಸಿತು: ಸಹಜ ಹಲ್ಲು ಮೂಳೆಯ ಜೊತೆ ಮೇಲೇಳುತ್ತದೆ, ಇಂಪ್ಲಾಂಟ್ ಇದ್ದಲ್ಲೇ ಉಳಿಯುತ್ತದೆ. ಹನ್ನೆರಡಕ್ಕೆ ಕೂರಿಸಿದ್ದು ಇಪ್ಪತ್ತಕ್ಕೆ ಪಕ್ಕದ ಹಲ್ಲಿಗಿಂತ ಕುಳ್ಳಗೆ, ವಸಡಿನಲ್ಲಿ ಹೂತಂತೆ ಕಾಣುತ್ತದೆ. ಬೆಳವಣಿಗೆ ನಿಲ್ಲುವವರೆಗೆ ಕಾಯುವುದೇ ಇಂದಿನ ನಿಯಮ. ಕೆಳದವಡೆಯಲ್ಲಿ ಹಲ್ಲೇ ಇಲ್ಲದ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ ಮಕ್ಕಳಿಗೆ ಮಾತ್ರ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿ ಸೆಟ್‌ಗೆ ಆಸರೆ ಕೊಡುವುದನ್ನು ತಜ್ಞರು ಒಪ್ಪುತ್ತಾರೆ.

ಮೂಳೆಯೊಂದಿಗೆ ಬೆಳೆಯುವ ಬದಲಿ ಹಲ್ಲು ಬೇಕೆಂದರೆ ಅದು ಮಗುವಿನದೇ ಆಗಿರಬೇಕು. ನಾರ್ವೆಯ ಸ್ಲಾಗ್ಸ್‌ವೋಲ್ಡ್ ಮತ್ತು ಬ್ಯೆರ್ಕೆ 1974ರಲ್ಲಿ ಪ್ರಕಟಿಸಿದ್ದು ಇದನ್ನೇ. ಬೇರು ಅರ್ಧಕ್ಕಿಂತ ಹೆಚ್ಚು ಬೆಳೆದು ತುದಿ ಇನ್ನೂ ತೆರೆದಿರುವಾಗ ಮುಂದವಡೆ ಹಲ್ಲನ್ನು ಎತ್ತಿ ಖಾಲಿ ಜಾಗಕ್ಕೆ ನೆಟ್ಟರೆ ಅದು ಜೀವ ಹಿಡಿದು ಮೂಳೆಯನ್ನೂ ಬೆಳೆಸುತ್ತದೆ. ಹಲ್ಲು ಒತ್ತೊತ್ತಾಗಿ ಹೇಗೂ ಕೀಳಬೇಕಾಗಿದ್ದ ಮಗುವಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೈಚಳಕ ಬೇಡುವ ಕೆಲಸವಾದ್ದರಿಂದ ನಮ್ಮಲ್ಲಿ ಇದು ಅಪರೂಪ. ಮೇಲಿನ ಪಕ್ಕದ ಬಾಚಿಹಲ್ಲು ಇಲ್ಲದಿದ್ದರೆ ಕೋರೆಹಲ್ಲನ್ನೇ ಕ್ಲಿಪ್ ಹಾಕಿ ಮುಂದೆ ಎಳೆದು ತರಬಹುದು. ಕೆಳಗಿನ ಎರಡನೆಯ ಮುಂದವಡೆ ಹಲ್ಲು ಇಲ್ಲದಿದ್ದರೆ ಹಾಲುಹಲ್ಲನ್ನೇ ಕಾಪಾಡಿಕೊಂಡು ಹಲವು ವರ್ಷ ಬಾಳಿಸಬಹುದು.

ಇನ್ನು ಮುಂದಿನದು. ಜರ್ಮನಿಯ ಎರ್ಲಾಂಗನ್ನಿನಲ್ಲಿ ಗರ್ಭದಲ್ಲಿದ್ದಾಗಲೇ ಕೊರತೆಯ ಪ್ರೋಟೀನನ್ನು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯದ ಮಕ್ಕಳಿಗೆ ಕೊಟ್ಟ ವರದಿ 2018ರಲ್ಲಿ ಬಂತು. ಈ ಸ್ಥಿತಿಯಲ್ಲಿ ಬೆವರುವುದು ಕಷ್ಟ, ಆದರೆ ಆ ಮಕ್ಕಳು ಬೆವರಬಲ್ಲವರಾಗಿ ಹುಟ್ಟಿದರು. ಹಲ್ಲಿನ ಬೆಳವಣಿಗೆ ತಡೆಯುವ ಪ್ರೋಟೀನನ್ನು ಅಡಗಿಸುವ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವುದು ಜಪಾನಿನ ಕ್ಯೋಟೊದಲ್ಲಿ 2024ರಲ್ಲಿ ಶುರುವಾಯಿತು, ಮೊದಲಿಗೆ ವಯಸ್ಕರ ಮೇಲೆ. ಇವುಗಳಿಗಾಗಿ ಇಂದಿನ ಮಗು ಕಾಯಲಾಗದು.

ಅಂಥ ಮಗು ಹೋಗಬಹುದಾದ ಜಾಗ ದಂತ ಕಾಲೇಜು. ನಮ್ಮಲ್ಲಿ ಬೆಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಮಂಗಳೂರುಗಳಲ್ಲಿ ಮಕ್ಕಳ ವಿಭಾಗಗಳಿವೆ. 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಹದಿನೆಂಟರವರೆಗಿನವರ ತಪಾಸಣೆ ಮಾಡುತ್ತವೆ, ಹಲ್ಲಿನ ತೊಂದರೆಯೂ ಅವರ ಪಟ್ಟಿಯಲ್ಲಿದೆ. ಹುಳುಕು ಗುರುತಿಸಿದಷ್ಟೇ ನಿಗಾದಿಂದ ಹುಟ್ಟದ ಹಲ್ಲನ್ನೂ ಅವರು ಎಣಿಸಬೇಕು. ಎಡದ ಹಲ್ಲು ಬಂದು ಆರು ತಿಂಗಳಾದರೂ ಬಲದ್ದು ಬರದಿದ್ದರೆ ಎಕ್ಸ್‌ರೇಗೆ ಕಳಿಸಬೇಕು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆ ತಂದಿತು. ಹುಟ್ಟಿನಿಂದ ಹಲ್ಲಿಲ್ಲದ ಮಕ್ಕಳಿಗೂ ಅಂಥದೇ ನೆರವು ಸಿಗಲಿ, ಒಂದು ಸೆಟ್ ಕೊಟ್ಟು ಕೈತೊಳೆಯದೆ ಹದಿನೆಂಟು ತುಂಬುವವರೆಗೆ ಬದಲಿಸಿಕೊಡುವ ಹೊಣೆಯೊಂದಿಗೆ.