ಧೂಳಿನ ಲೆಕ್ಕ

ಅಲಾಸ್ಕದ ವಾಯವ್ಯ ಮೂಲೆಯಲ್ಲಿ, ಉತ್ತರ ಧ್ರುವವೃತ್ತದ ಆಚೆಗೆ, ಡಿಲಾಂಗ್ ಪರ್ವತಶ್ರೇಣಿಯಿದೆ. ಅಲ್ಲಿಯ ತೊರೆಗಳು ತುಕ್ಕಿನ ಬಣ್ಣ ತಾಳಿ ಹರಿಯುತ್ತಿರುವುದನ್ನು 1960ರ ದಶಕದಲ್ಲಿ ಬಾಬ್ ಬೇಕರ್ ಎಂಬ ವಿಮಾನಚಾಲಕರು ಆಕಾಶದಿಂದ ಗಮನಿಸಿದರು. ಅವರ ನಾಯಿಯ ನೆನಪಿನಲ್ಲಿ ಆ ಸ್ಥಳಕ್ಕೆ ರೆಡ್ ಡಾಗ್ ಎಂಬ ಹೆಸರು ಬಂದಿತು. 1970ರಲ್ಲಿ ಭೂವಿಜ್ಞಾನಿ ಅರ್ವಿಂಗ್ ಟೈಲ್ಯೂರ್ ಅವರ ವರದಿಯಿಂದ ಅಲ್ಲಿನ ಖನಿಜಸಂಪತ್ತು ಲೋಕಕ್ಕೆ ತಿಳಿಯಿತು.

ಆ ನೆಲದ ಒಡೆತನ ಇನ್ಯೂಪಿಯಾಟ್ ಜನರ ನಾನಾ ಸಂಸ್ಥೆಯದು. 1982ರಲ್ಲಿ ಅದು ಕೊಮಿಂಕೊ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 1989ರಲ್ಲಿ ಸತು ಮತ್ತು ಸೀಸದ ಗಣಿ ಕೆಲಸ ಆರಂಭಿಸಿತು. ಅದುರಿನ ಪುಡಿಯನ್ನು ಚುಕ್ಚಿ ಸಮುದ್ರದ ಬಂದರಿಗೆ ಒಯ್ಯಲು ಸುಮಾರು 84 ಕಿಲೋಮೀಟರ್ ಉದ್ದದ ಜಲ್ಲಿರಸ್ತೆ ನಿರ್ಮಾಣವಾಯಿತು. ಅದರ ಒಂದು ಭಾಗ ಕೇಪ್ ಕ್ರೂಸೆನ್‌ಸ್ಟರ್ನ್ ರಾಷ್ಟ್ರೀಯ ಸ್ಮಾರಕಭೂಮಿಯನ್ನು ಹಾದುಹೋಗುತ್ತದೆ. ಸಾವಿರಾರು ವರ್ಷಗಳ ಮಾನವವಾಸದ ಕುರುಹುಗಳನ್ನು ಒಡಲಲ್ಲಿಟ್ಟುಕೊಂಡ ಕರಾವಳಿ ಅದು.

ಲಾರಿಗಳ ಮೇಲೆ ಹೊದಿಸಿದ ಟಾರ್ಪಾಲಿನ ಸಂದಿಗಳಿಂದ ಪುಡಿ ಹೊರಬಿದ್ದಿತು. ಚಕ್ರಗಳು ರಸ್ತೆಯ ಮಣ್ಣನ್ನೂ ಎಬ್ಬಿಸಿದವು. ಗಾಳಿ ಎರಡನ್ನೂ ಟಂಡ್ರಾದ ಮೇಲೆ ಹರಡಿತು. ಹಾವಸೆಗೆ ನಿಜವಾದ ಬೇರುಗಳಿಲ್ಲ. ತನ್ನ ಆಹಾರದ ಬಹುಪಾಲನ್ನು ಅದು ಮಳೆ, ಹಿಮ ಮತ್ತು ಗಾಳಿಯಿಂದಲೇ ಪಡೆಯುತ್ತದೆ. ಆದುದರಿಂದ ಗಾಳಿ ತಂದುದೆಲ್ಲವೂ ಅದರ ಮೈಯಲ್ಲಿ ದಾಖಲಾಗುತ್ತದೆ. 2001ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ವಿಜ್ಞಾನಿಗಳು ಆ ದಾಖಲೆಯನ್ನು ಓದಿದರು. ರಸ್ತೆಯ ಬದಿಯ ಹಾವಸೆಯಲ್ಲಿ ಸೀಸ, ಸತು, ಕ್ಯಾಡ್ಮಿಯಮ್‌ಗಳ ಪ್ರಮಾಣ ಬಹಳ ಹೆಚ್ಚಾಗಿತ್ತು. ದೂರ ಸರಿದಂತೆ ಅದು ಇಳಿಯುತ್ತ ಹೋಗಿತ್ತು. ಅದೇ ಕಾಲದಲ್ಲಿ ಲಾರಿಗಳಿಗೆ ಭದ್ರವಾದ ಉಕ್ಕಿನ ಮುಚ್ಚಳಗಳು ಬಂದವು. ಮುಚ್ಚಳ ಸೋರಿಕೆಯನ್ನು ತಗ್ಗಿಸಬಲ್ಲದು. ಈಗಾಗಲೇ ನೆಲ ಸೇರಿದ ಸೀಸವನ್ನು ಮರಳಿ ಪಡೆಯಲಾರದು.

ಧೂಳಿನ ಕೆಲಸ ವಿಷದೊಂದಿಗೆ ಮುಗಿಯುವುದಿಲ್ಲ. ಅದು ಬಿದ್ದ ಹಿಮ ಕಪ್ಪಾಗಿ, ಬಿಸಿಲನ್ನು ಹೀರಿ, ಬೇಗನೆ ಕರಗುತ್ತದೆ. ಕೆಳಗಿನ ಹೆಪ್ಪುಗಟ್ಟಿದ ನೆಲವೂ ಹೆಚ್ಚು ಆಳಕ್ಕೆ ಸಡಿಲಗೊಳ್ಳುತ್ತದೆ. ರಸ್ತೆಯ ಸಮೀಪದಲ್ಲಿ ಕಲ್ಲುಹೂವಿನ ಜಾತಿಗಳು ವಿರಳವಾಗುತ್ತವೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಈ ಕಲ್ಲುಹೂವೇ ಕ್ಯಾರಿಬೂ ಜಿಂಕೆಗಳ ಚಳಿಗಾಲದ ಮೇವು. ಶರತ್ಕಾಲದ ವಲಸೆಯಲ್ಲಿ ಕೆಲವು ಕ್ಯಾರಿಬೂಗಳು ಈ ರಸ್ತೆಯನ್ನು ದಾಟಲಾರದೆ ವಾರಗಟ್ಟಲೆ ತಡೆದು ನಿಲ್ಲುವುದೂ ಅಧ್ಯಯನಗಳಿಂದ ತಿಳಿದುಬಂದಿದೆ. 2003ರಲ್ಲಿ ಸುಮಾರು 4,90,000ದಷ್ಟಿದ್ದ ಪಶ್ಚಿಮ ಆರ್ಕ್‌ಟಿಕ್ ಹಿಂಡು 2023ರ ವೇಳೆಗೆ ಸುಮಾರು 1,52,000ಕ್ಕೆ ಇಳಿದಿತ್ತು. ಈ ಇಳಿಕೆಯ ಹೊಣೆಯನ್ನೆಲ್ಲ ಒಂದು ರಸ್ತೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಕುಗ್ಗುತ್ತಿರುವ ಹಿಂಡಿಗೆ ಸಣ್ಣ ಅಡ್ಡಿಯೂ ಭಾರವೇ ಸರಿ.

ಇಲ್ಲಿಯ ಧರ್ಮಸಂಕಟ ಸರಳವಲ್ಲ. ಗಣಿಯ ಆದಾಯವನ್ನು ಪಡೆಯುವವರೂ ಕ್ಯಾರಿಬೂವನ್ನು ನಂಬಿ ಬಾಳುವವರೂ ಅದೇ ಇನ್ಯೂಪಿಯಾಟ್ ಜನ. ಶಾಲೆ, ಉದ್ಯೋಗ, ಆಸರೆಗಳನ್ನು ಬಯಸಿದುದು ಅವರ ತಪ್ಪಲ್ಲ. ಆದರೆ ಒಪ್ಪಂದದ ಮಾತುಕತೆಯಲ್ಲಿ ಹಾವಸೆಗೂ ಜಿಂಕೆಗೂ ಆಸನವಿರಲಿಲ್ಲ. ಮಾತಿಲ್ಲದ ಜೀವಿಗಳ ಪಾಲಿನ ನಷ್ಟವನ್ನು ಮಾತು ಬಲ್ಲವರೇ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಆ ಲೆಕ್ಕವನ್ನು ಧೂಳೇ ಬರೆದಿಡುತ್ತದೆ. ಓದುವ ಹೊತ್ತಿಗೆ ತಡವಾಗಿರುತ್ತದೆ.