ಚರ್ಮದ ಬಣ್ಣ ಮತ್ತು ಬಿಸಿಲು

ಮನುಷ್ಯರ ಮೈಬಣ್ಣ ಸೀಮೆಯಿಂದ ಸೀಮೆಗೆ ಬೇರೆಯಾಗುವುದಕ್ಕೆ ಬಿಸಿಲೇ ಕಾರಣವೆಂಬ ಊಹೆ ಬಹಳ ಹಳೆಯದು. ಸೂರ್ಯದೇವನ ಮಗ ಫೇಥಾನ್ ತಂದೆಯ ರಥವನ್ನು ಹತೋಟಿ ತಪ್ಪಿ ಓಡಿಸಿ ಭೂಮಿಗೆ ತೀರ ಹತ್ತಿರ ತಂದಾಗ ಇಥಿಯೋಪಿಯದ ಜನ ಕಪ್ಪಾದರೆಂದು ರೋಮನ್ ಕವಿ ಓವಿಡ್ ಕಥೆ ಹೇಳಿದ್ದಾನೆ. 1787ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸ್ಟ್ಯಾನ್‌ಹೋಪ್ ಸ್ಮಿತ್, ಮನುಷ್ಯಕುಲ ಒಂದೇ, ಹವೆ ಮತ್ತು ಜೀವನಕ್ರಮಗಳು ಅದರ ಬಣ್ಣವನ್ನು ಬದಲಿಸಿವೆ ಎಂದು ಪ್ರಬಂಧ ಬರೆದ. ಆಶಯವೇನೋ ಉದಾರವಾದದ್ದೇ. ಆದರೆ ಬಿಸಿಲಿಗೆ ಮೈಯೊಡ್ಡದ ಹಸುಗೂಸಿಗೂ ತಂದೆತಾಯಿಯ ಬಣ್ಣವೇ ಬರುವುದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಗಟ್ಟಿ ಉತ್ತರವಿರಲಿಲ್ಲ.

ಚಾರ್ಲ್ಸ್ ಡಾರ್ವಿನ್ ಈ ವಾದವನ್ನು ಒಪ್ಪಲಿಲ್ಲ. ತಲೆಮಾರುಗಳಿಂದ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಡಚ್ ಕುಟುಂಬಗಳ ಬಣ್ಣ ಕಿಂಚಿತ್ತೂ ಬದಲಾಗಿಲ್ಲವಲ್ಲ ಎಂದು 1871ರಲ್ಲಿ ಬೊಟ್ಟುಮಾಡಿ, ಸಂಗಾತಿಯ ಆಯ್ಕೆಯೇ ಬಣ್ಣಭೇದಕ್ಕೆ ಮುಖ್ಯ ಕಾರಣವಿರಬೇಕೆಂದ. ನೈಸರ್ಗಿಕ ಆಯ್ಕೆಯನ್ನು ಕಂಡುಕೊಟ್ಟವನೇ ಇಲ್ಲಿ ಅದರ ಕೈವಾಡವನ್ನು ಕಾಣದೆ ಹೋದದ್ದು ಸೋಜಿಗ.

ವಾದ ಮುಂದುವರಿಯಬೇಕಾದರೆ ಬಣ್ಣವನ್ನು ಅಳೆಯಬೇಕಿತ್ತು. ಫೆಲಿಕ್ಸ್ ಫಾನ್ ಲೂಶಾನ್ 36 ಬಣ್ಣದ ಗಾಜಿನ ಬಿಲ್ಲೆಗಳ ಮಾಪಕವೊಂದನ್ನು ತಯಾರಿಸಿದ. ಬಿಸಿಲು ತಾಗದ ಚರ್ಮದ ಪಕ್ಕದಲ್ಲಿ ಬಿಲ್ಲೆಯನ್ನು ಹಿಡಿದು, ಹೊಂದುವ ಸಂಖ್ಯೆಯನ್ನು ಬರೆದುಕೊಳ್ಳುವುದು ಕ್ರಮ. ಆದರೆ ಒಬ್ಬರ ಕಣ್ಣಿಗೆ ಕಂಡ ಸಂಖ್ಯೆ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಬೆಳಕಿನ ಪ್ರತಿಫಲನವನ್ನು ಅಳೆಯುವ ಉಪಕರಣ ಬಂದಮೇಲೆ ಈ ತಕರಾರು ತಗ್ಗಿತು. ಇನ್ನು ಈ ಬಣ್ಣದ ಮೂಲದ ಮಾತು: ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪು ಚರ್ಮದಲ್ಲೂ ಬಿಳಿ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ಕೋಶಗಳು ಎಷ್ಟು ಮತ್ತು ಎಂಥ ಮೆಲನಿನ್ ತಯಾರಿಸುತ್ತವೆ, ಅದನ್ನು ತುಂಬಿಕೊಂಡ ಕಣಗಳು ಎಷ್ಟು ದೊಡ್ಡವು, ಚರ್ಮದಲ್ಲಿ ಹೇಗೆ ಹರಡಿವೆ ಎಂಬುದರಲ್ಲಿ.

ಬಿಸಿಲಿನ ಪಾತ್ರದ ಸುಳಿವು ಸಿಕ್ಕಿದ್ದು ಮೂಳೆರೋಗದ ಕಡೆಯಿಂದ. ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದ ಥಿಯೋಬಾಲ್ಡ್ ಪಾಮ್, ಮಕ್ಕಳ ಕಾಲು ಸೊಟ್ಟಗಾಗಿಸುವ ರಿಕೆಟ್ಸ್ ಅಲ್ಲಿ ಅಪರೂಪವೆಂದೂ ಹೊಗೆ ಕವಿದ ಬ್ರಿಟನ್ನಿನ ನಗರಗಳಲ್ಲಿ ಮನೆಮಾತೆಂದೂ ಗಮನಿಸಿ, ಬಿಸಿಲಿನ ಕೊರತೆಯೇ ಕಾರಣವೆಂದು 1890ರಲ್ಲಿ ಬರೆದ. ಸೂರ್ಯನ ನೇರಳಾತೀತ ಕಿರಣ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಮೆಲನಿನ್ ದಟ್ಟವಾಗಿದ್ದರೆ ಈ ಕೆಲಸ ನಿಧಾನ. ಬಿಸಿಲು ಕಡಿಮೆಯಿರುವ ಉತ್ತರದಲ್ಲಿ ತಿಳಿಬಣ್ಣವೇ ಅನುಕೂಲವಾಗಿರಬೇಕೆಂದು ಫಾರ್ನ್ಸ್‌ವರ್ತ್ ಲೂಮಿಸ್ 1967ರಲ್ಲಿ ವಾದಿಸಿದ.

ಹಾಗಾದರೆ ಸಮಭಾಜಕದ ಬಳಿ ಕಪ್ಪೇಕೆ? ಚರ್ಮದ ಕ್ಯಾನ್ಸರಿನಿಂದ ರಕ್ಷಣೆ ಎಂಬ ಉತ್ತರ ಸಾಲದು. ಅದು ಸಾಮಾನ್ಯವಾಗಿ ಮಕ್ಕಳಾದ ಮೇಲೆ, ಇಳಿವಯಸ್ಸಿನಲ್ಲಿ ಬರುವ ಕಾಯಿಲೆ. 1978ರಲ್ಲಿ ರಿಚರ್ಡ್ ಬ್ರಾಂಡಾ ಮತ್ತು ಜಾನ್ ಈಟನ್ ಮನುಷ್ಯರ ರಕ್ತದ್ರವಕ್ಕೆ ಬಿಸಿಲನ್ನು ಹೋಲುವ ಕೃತಕ ಬೆಳಕು ಬಿಟ್ಟು ನೋಡಿದರು. ಒಂದು ಗಂಟೆಯೊಳಗೆ ಅದರಲ್ಲಿದ್ದ ಫೋಲೇಟ್ ಶೇ. 30ರಿಂದ 50ರಷ್ಟು ನಾಶವಾಗಿತ್ತು. ಗರ್ಭದ ಶಿಶುವಿನ ಮಿದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಬೇಕಾದ ವಿಟಮಿನ್ ಅದು. ಇಂದು ಬಸುರಿಯರಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಡುವುದೂ ಅದಕ್ಕೇ. ನೀನಾ ಜಬ್ಲಾನ್‌ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ 2000ದಲ್ಲಿ ಈ ಎರಡು ಎಳೆಗಳನ್ನು ಹೊಸೆದರು. ನಾಸಾದ ಉಪಗ್ರಹ ದಾಖಲಿಸಿದ ನೇರಳಾತೀತ ಕಿರಣದ ಅಂಕಿಗಳನ್ನು ಮೂಲನಿವಾಸಿಗಳ ಚರ್ಮದ ಅಳತೆಗಳ ಜೊತೆ ಇಟ್ಟಾಗ ಎರಡೂ ಬಹುಮಟ್ಟಿಗೆ ತಾಳೆಯಾದವು. ಫೋಲೇಟ್ ಉಳಿಯುವಷ್ಟು ಕಪ್ಪು, ವಿಟಮಿನ್ ಡಿ ಹುಟ್ಟುವಷ್ಟು ತಿಳಿ ಎಂಬುದು ಅವರ ಸೂತ್ರ. ಮೀನು, ಸಮುದ್ರಪ್ರಾಣಿಗಳಿಂದಲೇ ವಿಟಮಿನ್ ಡಿ ಪಡೆಯುವ ಉತ್ತರಧ್ರುವ ವಲಯದ ಇನ್ಯುಟ್ ಜನ ನಿರೀಕ್ಷೆಗಿಂತ ಕಪ್ಪಗಿರುವುದೂ ಈ ಸೂತ್ರದೊಳಗೇ ಬರುತ್ತದೆ.

ಜೀನ್‌ಗಳ ಸಂಗತಿ ಹೊರಬಂದಾಗ ಚಿತ್ರ ಇಷ್ಟು ಸಲೀಸಾಗಿ ಉಳಿಯಲಿಲ್ಲ. ಪೆನ್ಸಿಲ್ವೇನಿಯದ ಕೀತ್ ಚೆಂಗ್ ತಂಡ ಪಟ್ಟೆಗಳು ಮಸುಕಾದ ಒಂದು ಬಗೆಯ ಜೀಬ್ರಾ ಮೀನನ್ನು ಪರೀಕ್ಷಿಸುತ್ತ ಎಸ್‌ಎಲ್‌ಸಿ24ಎ5 ಎಂಬ ಜೀನ್ ಅನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿತು. ಅದರಲ್ಲಿ ಚರ್ಮವನ್ನು ತಿಳಿಯಾಗಿಸುವ ಒಂದೇ ಒಂದು ಡಿಎನ್‌ಎ ಅಕ್ಷರದ ಬದಲಾವಣೆ ಯುರೋಪಿಯನ್ನರಲ್ಲಿ ಬಹುತೇಕ ಎಲ್ಲರಿಗೂ ಇದೆ. ಹೈದರಾಬಾದಿನ ಸಂಶೋಧನಾಲಯ ಸಿಸಿಎಂಬಿಯ ವಿಜ್ಞಾನಿಗಳೂ ಪಾಲ್ಗೊಂಡು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತದಲ್ಲೂ ಇದೇ ಬದಲಾವಣೆ ವ್ಯಾಪಕವಾಗಿದೆ, ಮೂಲವೂ ಯುರೋಪಿನವರೊಂದಿಗೆ ಒಂದೇ ಎಂದು ತೋರಿಸಿತು. ಪೂರ್ವ ಏಷ್ಯಾದವರ ತಿಳಿಬಣ್ಣಕ್ಕೆ ಬೇರೆ ಜೀನ್‌ಗಳೇ ಕಾರಣ. ಅಂದರೆ ಮೈಬಣ್ಣ ನೋಡಿ ನೆಂಟಸ್ತನ ಊಹಿಸುವಂತಿಲ್ಲ.

ಯುರೋಪು ಬೆಳ್ಳಗಾದದ್ದೂ ತೀರ ಈಚೆಗೆ. ಸ್ಪೇನಿನ ಲಾ ಬ್ರಾನ್ಯ ಗುಹೆಯಲ್ಲಿ ಸಿಕ್ಕ ಸುಮಾರು 7,000 ವರ್ಷ ಹಿಂದಿನ ಬೇಟೆಗಾರನ ಡಿಎನ್‌ಎ 2014ರಲ್ಲಿ ಓದಿಯಾಯಿತು: ಕಣ್ಣು ನೀಲಿ, ಚರ್ಮ ಬಹುಶಃ ಕಪ್ಪು. ಅವನ ಪೂರ್ವಿಕರು ಅದಾಗಲೇ ಸಾವಿರಾರು ವರ್ಷ ಯುರೋಪಿನ ಮಂಕು ಬಿಸಿಲಿನಲ್ಲಿ ಬಾಳಿದ್ದರು. ಮೀನು, ಮಾಂಸ ಬಿಟ್ಟು ಧಾನ್ಯಕ್ಕೆ ಹೊರಳಿದಾಗ ಆಹಾರದಲ್ಲಿ ವಿಟಮಿನ್ ಡಿ ಕುಗ್ಗಿ ತಿಳಿಬಣ್ಣಕ್ಕೆ ಬೆಲೆ ಬಂದಿರಬಹುದೆಂಬ ವಿವರಣೆಯಿದೆ. ಹೊರಗಿನಿಂದ ಬಂದ ಕೃಷಿಕರ ವಲಸೆಯ ಪಾಲೂ ದೊಡ್ಡದೇ.

ಹೆಚ್ಚು ಅಚ್ಚರಿ ತಂದದ್ದು ಆಫ್ರಿಕ. ಸಾರಾ ಟಿಶ್‌ಕಾಫ್ ತಂಡ ಇಥಿಯೋಪಿಯ, ಟಾಂಜಾನಿಯ, ಬೋಟ್ಸ್‌ವಾನಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಪ್ಪಿನ ಜೀನ್‌ರೂಪಗಳೂ ತಿಳಿಬಣ್ಣದವೂ ಅಲ್ಲೇ ಕಂಡವು. ಅವುಗಳಲ್ಲಿ ಕೆಲವು 3 ಲಕ್ಷ ವರ್ಷಗಳಿಗೂ ಹಳೆಯವು. ಪೂರ್ವ ಆಫ್ರಿಕದವರ ದಟ್ಟ ಕಪ್ಪಿಗೆ ಕಾರಣವಾದ ಕೆಲವು ರೂಪಗಳು ದಕ್ಷಿಣ ಏಷ್ಯಾದಲ್ಲೂ ಮೆಲನೇಷ್ಯದಲ್ಲೂ ಸಿಕ್ಕಿವೆ.