ಶಾಕಿರೆ ಖಲೀಲಿ ಕೊಲೆ ಪ್ರಕರಣ

ಬೆಂಗಳೂರು ದಂಡು ಪ್ರದೇಶದ ರಿಚ್ಮಂಡ್ ರಸ್ತೆಯ 81ನೇ ನಂಬರಿನ ಬಂಗಲೆಯಲ್ಲಿ 1991ರ ಮೇ ಕೊನೆಯಲ್ಲಿ ನಡೆದು, ಮೂರು ವರ್ಷ ಬಯಲಿಗೆ ಬಾರದೆ ಉಳಿದ ಕೊಲೆ. ಕೊಲೆಯಾದ ಶಾಕಿರೆ, ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು. ಅಪರಾಧಿ ಆಕೆಯ ಎರಡನೆಯ ಗಂಡ ಸ್ವಾಮಿ ಶ್ರದ್ಧಾನಂದ. ಆತನ ಮೂಲ ಹೆಸರು ಮುರಳಿ ಮನೋಹರ ಮಿಶ್ರಾ. ಜನರ ನೆನಪಿನಲ್ಲಿ ಉಳಿದಿರುವುದು ಕೊಲೆಯ ಕ್ರೌರ್ಯವಾದರೆ, ನ್ಯಾಯಾಲಯಗಳು ಇಂದಿಗೂ ಈ ಪ್ರಕರಣವನ್ನು ಉಲ್ಲೇಖಿಸುವುದು ಶಿಕ್ಷೆಯ ಅಳತೆಯ ಪ್ರಶ್ನೆಗಾಗಿ.

ಶಾಕಿರೆಯ ಮೊದಲ ಪತಿ ಅಕ್ಬರ್ ಖಲೀಲಿ ವಿದೇಶಾಂಗ ಸೇವೆಯ ಅಧಿಕಾರಿ. ದಂಪತಿಗೆ ನಾಲ್ವರು ಹೆಣ್ಣುಮಕ್ಕಳು. 1983ರಲ್ಲಿ ದೆಹಲಿಯ ರಾಂಪುರ ನವಾಬರ ಮನೆಯಲ್ಲಿ ಶ್ರದ್ಧಾನಂದನ ಪರಿಚಯವಾಯಿತು. ಆಸ್ತಿ ವ್ಯವಹಾರ ನೋಡಿಕೊಳ್ಳಬಲ್ಲವನೆಂದು ಆತ ಬೆಂಗಳೂರಿಗೆ ಬಂದ. 1985ರಲ್ಲಿ ವಿಚ್ಛೇದನ ಪಡೆದ ಶಾಕಿರೆ, ಮರುವರ್ಷ ಏಪ್ರಿಲ್‌ನಲ್ಲಿ ಆತನನ್ನು ಮದುವೆಯಾದರು. ಜನರಲ್ ಪವರ್ ಆಫ್ ಅಟಾರ್ನಿಯನ್ನೂ ಬರೆದುಕೊಟ್ಟರು. ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಈ ಪತ್ರದ ಬಲ ಮುಗಿಯುತ್ತದೆ. ಆದ್ದರಿಂದ ಅದರ ಆಧಾರದಲ್ಲಿ ಆಸ್ತಿ ಮಾರುತ್ತಲೇ ಇರಬೇಕಾದರೆ ಹೆಂಡತಿ ಎಲ್ಲೋ ಬದುಕಿದ್ದಾಳೆಂದು ತೋರಿಸುತ್ತಲೇ ಇರಬೇಕಾಗಿತ್ತು.

ಆತ ಮಾಡಿದ್ದೂ ಅದನ್ನೇ. ತಾಯಿ ಎಲ್ಲಿ ಎಂದು ವಿಚಾರಿಸಿದ ಮಗಳಿಗೆ ಒಮ್ಮೆ ಒಂದು ಊರಿನ ಹೆಸರು, ಇನ್ನೊಮ್ಮೆ ಇನ್ನೊಂದರ ಹೆಸರು ಹೇಳಿದ. ಗರ್ಭಿಣಿಯಾಗಿ ಅಮೆರಿಕದ ಆಸ್ಪತ್ರೆ ಸೇರಿದ್ದಾಳೆ ಎಂದೂ ನಂಬಿಸಲು ನೋಡಿದ. ಆ ಆಸ್ಪತ್ರೆಯಲ್ಲಿ ಅಂಥ ಹೆಸರಿನವರೇ ಇರಲಿಲ್ಲ. 1992ರ ಜೂನ್‌ನಲ್ಲಿ ಮಗಳು ಅಶೋಕನಗರ ಠಾಣೆಗೆ ದೂರು ಕೊಟ್ಟರು. ತನಿಖೆ ಕುಂಟುತ್ತಾ ಸಾಗಿ ಕೊನೆಗೆ ಪೊಲೀಸರ ಕೇಂದ್ರೀಯ ಅಪರಾಧ ವಿಭಾಗದ (ಸಿಸಿಬಿ) ಕೈಗೆ ಬಂತು. ಪೊಲೀಸರೊಬ್ಬರು ಮನೆಗೆಲಸದವನಿಗೆ ಕುಡಿಸಿ ಬಾಯಿ ಬಿಡಿಸಿದರೆಂಬ ಕಥೆ ನಗರದಲ್ಲಿ ಈಗಲೂ ಚಾಲ್ತಿಯಲ್ಲಿದೆ.

1994ರ ಮಾರ್ಚ್ 30ರಂದು ಶ್ರದ್ಧಾನಂದ ತೋರಿಸಿದ ಜಾಗದಲ್ಲಿ, ಮಲಗುವ ಕೋಣೆಯ ಹಿಂದಿನ ಅಂಗಳದಲ್ಲಿ, ನೆಲ ಅಗೆಯಲಾಯಿತು. ಕಲ್ಲುಹಾಸಿನ ಕೆಳಗೆ ಉದ್ದನೆಯ ಮರದ ಪೆಟ್ಟಿಗೆ, ಅದರೊಳಗೆ ಹಾಸಿಗೆಯ ಮೇಲೆ ಅಸ್ಥಿಪಂಜರ. ಪೆಟ್ಟಿಗೆಯನ್ನು ಕೊಲೆಗೆ ಮುಂಚೆಯೇ ಮಾಡಿಸಲಾಗಿತ್ತು. ಗುಂಡಿಯನ್ನೂ ಬೇರೆ ನೆಪ ಹೇಳಿ ಕೂಲಿಯವರಿಂದ ತೋಡಿಸಲಾಗಿತ್ತು. ಮತ್ತು ಬರಿಸುವ ಔಷಧ ಕೊಟ್ಟು ಜೀವಂತವಾಗಿಯೇ ಹೂತನೆಂಬುದು ಪ್ರಾಸಿಕ್ಯೂಷನ್‌ನ ವಾದ. ಅಗೆತದ ಅಷ್ಟೂ ಕೆಲಸವನ್ನು ವಿಡಿಯೋದಲ್ಲಿ ಸೆರೆಹಿಡಿಯಲಾಯಿತು. ಅಂದಿನ ಭಾರತೀಯ ತನಿಖೆಗಳಲ್ಲಿ ಇದು ಅಪರೂಪ. ಕಣ್ಣಾರೆ ಕಂಡ ಸಾಕ್ಷಿ ಇರಲಿಲ್ಲ. ತಲೆಬುರುಡೆಯ ಹೋಲಿಕೆ, ಡಿಎನ್‌ಎ ಪರೀಕ್ಷೆ, ಶಾಕಿರೆಯ ತಾಯಿ ಗುರುತಿಸಿದ ಆಭರಣಗಳು, ಕೆಲಸದವರ ಹೇಳಿಕೆಗಳು ಸೇರಿ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಪೂರ್ಣವಾಯಿತು.

ವಿಚಾರಣೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. 2005ರ ಮೇನಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು. ಅದೇ ವರ್ಷ ಹೈಕೋರ್ಟ್ ಅದನ್ನು ಖಾಯಂ ಮಾಡಿತು. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಅಪರಾಧವನ್ನು ಒಪ್ಪಿದರಾದರೂ ಶಿಕ್ಷೆಯಲ್ಲಿ ಒಮ್ಮತಕ್ಕೆ ಬರಲಿಲ್ಲ. ಮಾರ್ಕಂಡೇಯ ಕಟ್ಜು ಗಲ್ಲನ್ನು ಎತ್ತಿಹಿಡಿದರು, ಎಸ್.ಬಿ. ಸಿನ್ಹಾ ಜೀವಾವಧಿ ಸಾಕೆಂದರು.

ಈ ಭಿನ್ನಮತದಿಂದಾಗಿ ಪ್ರಕರಣ ಕೈಸೇರಿದ ಮೂವರ ಪೀಠ 2008ರ ಜುಲೈ 22ರಂದು ಕೊಟ್ಟ ತೀರ್ಪು ಹೊಸ ದಾರಿ ತೆರೆಯಿತು. ಜೀವಾವಧಿ ಎಂದರೆ ವ್ಯವಹಾರದಲ್ಲಿ ಹದಿನಾಲ್ಕು ವರ್ಷವೆಂದೇ ಆಗಿಬಿಟ್ಟಿತ್ತು. ಗಲ್ಲು ವಿಪರೀತ, ಹದಿನಾಲ್ಕು ವರ್ಷ ತೀರಾ ಕಡಿಮೆ ಎನಿಸುವ ಕಡೆ ನ್ಯಾಯಾಲಯ ಏನು ಮಾಡಬೇಕು? ಶಿಕ್ಷೆಯ ಅವಧಿಯಲ್ಲಿ ರಿಯಾಯಿತಿಯಿಲ್ಲದೆ ಸಾಯುವವರೆಗೂ, ಅಥವಾ ನಿಗದಿತ ದೀರ್ಘಾವಧಿಗೆ, ಸೆರೆಮನೆಯಲ್ಲಿಡಬಹುದು ಎಂದು ಪೀಠ ಹೇಳಿತು. ಶ್ರದ್ಧಾನಂದನಿಗೆ ಸಾಯುವವರೆಗಿನ ಸೆರೆ ವಿಧಿಸಿತು. ಶಾಸನ ಹೇಳದ ಶಿಕ್ಷೆಯನ್ನು ನ್ಯಾಯಾಧೀಶರು ಸೃಷ್ಟಿಸಿದರೆಂಬ ಟೀಕೆ ಹುರುಳಿಲ್ಲದ್ದೇನಲ್ಲ. ಆದರೂ 2015ರಲ್ಲಿ ಶ್ರೀಹರನ್ ಎಂಬ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 3:2 ಬಹುಮತದಿಂದ ಈ ಬಗೆಯ ಶಿಕ್ಷೆಯನ್ನು ಎತ್ತಿಹಿಡಿದು, ಇಂಥ ಶಿಕ್ಷೆಯ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗಷ್ಟೇ ಉಂಟೆಂದು ಸ್ಪಷ್ಟಪಡಿಸಿತು.

ಅಪರಾಧಿಯನ್ನು ನಂತರ ಮಧ್ಯಪ್ರದೇಶದ ಸಾಗರ್ ಜೈಲಿಗೆ ಸ್ಥಳಾಂತರಿಸಲಾಯಿತು. ಎಂಬತ್ತು ದಾಟಿದ ಆತ ಬಿಡುಗಡೆ ಕೋರಿ ಸಲ್ಲಿಸಿದ ರಿಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರಲ್ಲಿ ತಳ್ಳಿಹಾಕಿತು.